ಹಂಚಬಾರದ ನಂಬರು

ಬೆಳಕು ಇನ್ನೂ ಕಿಟಕಿಯ ಅಂಚಿಗೆ ಬಂದಿಲ್ಲ. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ, ಪೊರಕೆ ಬಕೆಟ್ಟುಗಳ ಪಕ್ಕ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬಾಕೆ ಕೂತಿದ್ದಾರೆ. ಎದುರಿಗೆ ಹಸಿರು ದೀಪ ಮಿಟುಕಿಸುವ ಕಬ್ಬಿಣದ ಪೆಟ್ಟಿಗೆ, ನೆಟ್‌ವರ್ಕ್ ಸ್ವಿಚ್. ಆಸ್ಪತ್ರೆಯ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವುದು ಇದಕ್ಕೇ. ಹಾಗಾಗಿ ಈಕೆ ಎಲ್ಲರ ಬಾಯಲ್ಲಿ ‘ಸ್ವಿಚ್ಚಮ್ಮ’.

“ಹೋಗ್ತಾ ಬರ್ತಾ ‘ಸ್ವಿಚ್ಚಮ್ಮ, ನಮ್ಮ ರೂಮಿನ ಫ್ಯಾನೂ ಹಾಕಿಬಿಡು’ ಅಂತಾರೆ. ನಗ್ತೀನಿ, ಇನ್ನೇನ್ಮಾಡ್ಲಿ?” ಎನ್ನುತ್ತಾರೆ ನನ್ನತ್ತ ತಿರುಗಿ.

ಇವತ್ತು ಹೊಸ ವಾರ್ಡು ತೆರೆಯುತ್ತದೆ. ಅಲ್ಲಿನ ಕಂಪ್ಯೂಟರುಗಳು ಕಣ್ಣು ಬಿಟ್ಟೊಡನೆ ‘ನನ್ನ ನಂಬರೇನು?’ ಎಂದು ಕೇಳುತ್ತವೆ. ಕೇಳಿದವಕ್ಕೆಲ್ಲ ಒಂದೊಂದು ನಂಬರು ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಇಂದಿನಿಂದ ಅದನ್ನು ಈ ಸ್ವಿಚ್ಚೇ ಮಾಡಬೇಕು. ಎಲ್ಲಿಂದ ಎಲ್ಲಿಯವರೆಗೆ ಹಂಚಬೇಕು, ಯಾವಾಗ ಹಿಂದಕ್ಕೆ ಪಡೆಯಬೇಕು, ಸ್ವಿಚ್ಚಮ್ಮ ಸಾಲು ಸಾಲಾಗಿ ಹೇಳಿಕೊಡುತ್ತಾರೆ. ತುಟಿ ಅಲುಗುತ್ತದೆ, ಜಪದ ಹಾಗೆ.

“ರೈಲಲ್ಲಿ ಸೀಟು ಕೊಟ್ಟ ಹಾಗೆ ಕಣ್ರೀ. ಒಂದೇ ಸೀಟಿಗೆ ಇಬ್ಬರು ಬಂದ್ರೋ, ಕೆಲಸ ಕೆಟ್ಟಿತು.”

ಗೋಡೆ ಕೊರೆದು ತಂತಿ ಎಳೆಯುತ್ತಲೇ ಈ ವಿದ್ಯೆ ಕಲಿತವರು. ಮನೆಯಲ್ಲಿ ಕಿರಿ ಸೊಸೆ. ಹಿರಿ ಸೊಸೆ, ಇವರ ಓರಗಿತ್ತಿ, ಇದೇ ಆಸ್ಪತ್ರೆಯ ಮುಂಬಾಗಿಲಲ್ಲಿ ಟೋಕನ್ ಕೊಡುತ್ತಾರೆ. ಗುಣವಾಗಿ ಹೋಗುವವರು ಕೈ ಮುಗಿಯುವುದು ಅವರಿಗೆ. ಉತ್ತಮ ಸಿಬ್ಬಂದಿ ಎಂದು ಗೋಡೆಯ ಮೇಲೆ ಫೋಟೋ ತೂಗುವುದೂ ಅವರದ್ದೇ, ತುಸು ವಾರೆಯಾಗಿ.

“ನಮ್ಮತ್ತೆ ಬಂದೋರಿಗೆಲ್ಲ ಹೇಳ್ತಾರೆ, ‘ದೊಡ್ಡ ಸೊಸೆ ಆಸ್ಪತ್ರೆ ನಡೆಸ್ತಾಳೆ, ಚಿಕ್ಕೋಳು ಅಲ್ಲೇ ಏನೋ ವಯರು ನೋಡ್ಕೋತಾಳೆ’ ಅಂತ. ಹೊಟ್ಟೆ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ?”

ಆರು ವೈರಿಗಳಲ್ಲಿ ಮತ್ಸರವನ್ನು ಕೊನೆಗೆ ಎಣಿಸುತ್ತಾರೆ. ಕೊನೆಗೆ ಕೂತವನು ಏಳುವುದೂ ಕೊನೆಗೇ ಇರಬೇಕು.

ಬಾಗಿಲು ತೆರೆದು ಸರತಿ ಬೆಳೆಯುವ ಹೊತ್ತಿಗೆ ಕೌಂಟರಿನ ಟೋಕನ್ ಪ್ರಿಂಟರು ಬಾಯಿ ಬಿಡುವುದಿಲ್ಲ. ಮ್ಯಾನೇಜರು ಓರಗಿತ್ತಿಯ ಮೇಲೆ ಹರಿಹಾಯುತ್ತಾರೆ: “ಏನಮ್ಮಾ ಒತ್ತಿದ್ರಿ? ಫೋಟೋ ಹಾಕಿದ್ದೇ ತಪ್ಪಾಯ್ತು!”

“ನಾನೇನೂ ಮುಟ್ಟಿಲ್ಲ ಸಾರ್...”

ಗದ್ದಲ ಕೇಳಿ ಬಂದು ಕಂಬದ ಪಕ್ಕ ನಿಂತ ಸ್ವಿಚ್ಚಮ್ಮನಿಗೆ ಥಟ್ಟನೆ ಹೊಳೆಯುತ್ತದೆ. ಪ್ರಿಂಟರಿನ ನಂಬರು ಅದಕ್ಕೇ ಮೀಸಲು. ‘ಇದನ್ನು ಹಂಚಬೇಡ’ ಎಂದು ಸ್ವಿಚ್ಚಿಗೆ ಮೊದಲೇ ಹೇಳಬೇಕಿತ್ತು, ಮರೆತಿದ್ದಾರೆ. ಪ್ರಿಂಟರು ಏಳುವ ಮೊದಲೇ ಎದ್ದ ವಾರ್ಡಿನ ಕಂಪ್ಯೂಟರು ಆ ನಂಬರನ್ನು ಹೊಡೆದುಕೊಂಡಿದೆ. ಸದ್ದಿಲ್ಲದೆ ಕಿರುಕೋಣೆಗೆ ಹೋಗಿ ಸರಿಪಡಿಸಿದರೆ ಯಾರಿಗೂ ತಿಳಿಯದು. ಬೈಗುಳ ಓರಗಿತ್ತಿಯ ಲೆಕ್ಕಕ್ಕೇ ಉಳಿಯುತ್ತದೆ.

“ಒಂದು ಗಳಿಗೆ ಹಾಲು ಕುಡಿದಷ್ಟು ಸಂತೋಷ ಆಯ್ತು,” ಎಂದು ಆಮೇಲೆ ನನ್ನೊಡನೆ ಒಪ್ಪಿಕೊಳ್ಳುತ್ತಾರೆ. “ಅಷ್ಟರಲ್ಲಿ ಅವಳು ಎರಡೂ ಕೈಯಲ್ಲಿ ಪ್ರಿಂಟರು ತಟ್ಟೋದು ಕಾಣಿಸ್ತು. ನನ್ನ ಬಾಣಂತನ ಮಾಡಿದ ಕೈ ಅದು.”

“ಸಾರ್, ಅಕ್ಕಂದಲ್ಲ. ತಪ್ಪು ನನ್ನದು,” ಎನ್ನುತ್ತಾರೆ ಸ್ವಿಚ್ಚಮ್ಮ.

ಬೈಗುಳ ಇತ್ತ ತಿರುಗುತ್ತದೆ. ಎಲ್ಲ ಕೇಳಿಸಿಕೊಂಡು ಕಿರುಕೋಣೆಗೆ ಹೋಗಿ, ಆ ನಂಬರನ್ನು ಹಂಚಬಾರದವುಗಳ ಸಾಲಿಗೆ ಸೇರಿಸಿ, ವಾರ್ಡಿನ ಕಂಪ್ಯೂಟರಿಗೆ ಬೇರೆಯದನ್ನು ಕೊಡಿಸುತ್ತಾರೆ. ಪ್ರಿಂಟರು ಗರಗರನೆ ಟೋಕನ್ ಉಗುಳುತ್ತದೆ. ಸರತಿಯ ಮೊದಲಲ್ಲಿದ್ದ ಅಜ್ಜಿ ಕೈ ಮುಗಿಯುತ್ತಾರೆ, ಓರಗಿತ್ತಿಗೆ.

“ನೀನಿದ್ದಿದ್ದಕ್ಕಾಯ್ತು ಮಗಳೇ.”

ಓರಗಿತ್ತಿ ಕೌಂಟರಿನಿಂದ ಬಾಗಿ ಪಿಸುಗುಟ್ಟುತ್ತಾರೆ: “ಸುಮ್ಮನೆ ಬೈಸ್ಕೊಂಡ್ಯಲ್ಲೇ, ಹುಚ್ಚಿ.”

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಸ್ವಿಚ್ಚಮ್ಮ ಗೋಡೆಯತ್ತ ನೋಡುತ್ತಾರೆ.

“ನನ್ನ ಫೋಟೋ ಏನೂ ಬೇಡ. ಅವಳದ್ದು ವಾರೆಯಾಗಿದೆಯಲ್ಲ, ಅದನ್ನ ಯಾರೂ ನೆಟ್ಟಗೆ ಮಾಡದಿದ್ರೆ ಸಾಕು.”