ನಿಮ್ಮ ಮಗನಿಗೆ ಹೇಳಿ

ಬೇರೆಯವರ ಜಗಳ ನೋಡುವುದೇ ನನ್ನ ಕೆಲಸ. ತಮಾಷೆಯಲ್ಲ, ಅದಕ್ಕೇ ಸಂಬಳ ಕೊಡುತ್ತಾರೆ. ಹೆಬ್ಬಾಳದ ಹತ್ತಿರದ ಒಂದು ಕಾಲೇಜಿನಲ್ಲಿ ಗಂಡ ಹೆಂಡತಿಯರ ಬಗ್ಗೆ ಸಂಶೋಧನೆ ನಡೆಯುತ್ತಿದೆ. ಮದುವೆ ಕೆಡುವ ಸೂಚನೆಯನ್ನು ಮೊದಲೇ ಹಿಡಿಯಬಹುದೇ, ಹಿಡಿದರೆ ತಡೆಯಬಹುದೇ ಅನ್ನುವುದು ಅವರ ಪ್ರಶ್ನೆ. ದಂಪತಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿ, ಇಬ್ಬರಿಗೂ ಕಿರಿಕಿರಿಯಾಗುವ ಒಂದು ವಿಷಯ ಮಾತಾಡಿ ಅಂತ ಹೇಳಿ, ಕ್ಯಾಮೆರಾ ಹಾಕಿ, ಬಾಗಿಲು ಮುಚ್ಚಿಕೊಂಡು ಬರುತ್ತೇವೆ. ಆಮೇಲೆ ನಾನು ಆ ವಿಡಿಯೋವನ್ನು ಹತ್ತು ಹತ್ತು ಸೆಕೆಂಡಿಗೆ ನಿಲ್ಲಿಸಿ, ಹಾಳೆಯ ಚೌಕಗಳಲ್ಲಿ ಗುರುತು ಹಾಕುತ್ತೇನೆ. ದೂರು, ಸಮರ್ಥನೆ, ತಾತ್ಸಾರ, ಮೌನ, ನಗು. ಗಂಡನಿಗೊಂದು ಸಾಲು, ಹೆಂಡತಿಗೊಂದು ಸಾಲು.

ತಾತ್ಸಾರ ಹಿಡಿಯುವುದರಲ್ಲಿ ನಾನು ಎತ್ತಿದ ಕೈ. ತುಟಿಯ ಒಂದು ಕೊನೆ ಮಾತ್ರ ಮೇಲೆ ಹೋಗುತ್ತದೆ, ಅರ್ಧ ಸೆಕೆಂಡು, ಮತ್ತೆ ಇಳಿಯುತ್ತದೆ. ಹೊಸಬರಿಗೆ ಅದು ಕಾಣುವುದೇ ಇಲ್ಲ. ಸಂಶೋಧನೆ ನಡೆಸುವ ನಮ್ಮ ಮೇಡಂ ಪ್ರಕಾರ ಕೂಗಾಟಕ್ಕಿಂತ ಇದೇ ಕೆಟ್ಟದ್ದು. ಕೂಗಾಡುವವರಿಗೆ ಇನ್ನೂ ಏನೋ ಬೇಕಾಗಿರುತ್ತದಂತೆ. ತುಟಿ ಓರೆ ಮಾಡಿದವರಿಗೆ ಎದುರಿನವರು ಆಗಲೇ ಚಿಕ್ಕವರಾಗಿರುತ್ತಾರಂತೆ.

ಇಷ್ಟೆಲ್ಲ ವಿದ್ಯೆ ಹೊತ್ತುಕೊಂಡು ನಾನು ಸಂಜೆ ಮನೆಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಗಂಡ ನನ್ನ ಜೊತೆ ಮಾತಾಡಿ ಆರು ತಿಂಗಳಾಗಿತ್ತು.

ನಮ್ಮದು ಬ್ಯಾಟರಾಯನಪುರದಲ್ಲಿ, ಅದು ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇರುವ ಮನೆತನ. ಕೆಳಗಿನ ಮನೆಯಲ್ಲಿ ಅತ್ತೆ, ಮೇಲಿನದರಲ್ಲಿ ನಾವಿಬ್ಬರು. ಈ ಮನೆಯಲ್ಲಿ ಗಂಡ ಹೆಂಡತಿ ಎದುರೆದುರು ನಿಂತು ಜಗಳವಾಡುವ ಪದ್ಧತಿಯೇ ಇಲ್ಲ. ಸಿಟ್ಟು ಬಂದರೆ ಗಂಡ ಕೆಳಗೆ ಹೋಗಿ ತಾಯಿಯ ಅಡುಗೆಮನೆಯಲ್ಲಿ ಉಣ್ಣುತ್ತಾನೆ. ಹೆಂಡತಿ ಮೇಲಿನಿಂದ ಹೇಳಬೇಕಾದ್ದನ್ನು ಅತ್ತೆಗೆ ಹೇಳುತ್ತಾಳೆ, 'ನಿಮ್ಮ ಮಗನಿಗೆ ಹೇಳಿ' ಅಂತ. ಅತ್ತೆ ಮೆಟ್ಟಿಲು ಇಳಿದು ಮುಟ್ಟಿಸುತ್ತಾರೆ, ಉತ್ತರ ಹಿಡಿದು ಹತ್ತುತ್ತಾರೆ. ಅವರ ಅತ್ತೆಯೂ ಅವರಿಗೆ ಹೀಗೇ ಮಾಡಿದ್ದರಂತೆ. ಸಾಮಾನ್ಯವಾಗಿ ಎರಡು ದಿನದಲ್ಲಿ ಮುಗಿಯುತ್ತಿತ್ತು. ಈ ಸಲ ಮುಗಿಯಲೇ ಇಲ್ಲ.

ಆದದ್ದು ಇಷ್ಟೇ. ಗಂಡ ಕಾರ್ಖಾನೆಯ ಕೆಲಸ ಬಿಟ್ಟು ನೀರಿನ ಫಿಲ್ಟರ್ ರಿಪೇರಿ ಅಂಗಡಿ ಇಡಲು ಹೊರಟಿದ್ದರು. ಶೆಟ್ಟಿಹಳ್ಳಿಯಲ್ಲಿ ನಾದಿನಿಯ ಮಗುವಿನ ನಾಮಕರಣ. ಊಟದ ಪಂಕ್ತಿಯಲ್ಲಿ ಯಾರೋ ಅಂಗಡಿಯ ವಿಷಯ ಕೇಳಿದರು. ನಾನು, 'ಮನೆ ನಲ್ಲಿ ಮೂರು ತಿಂಗಳಿಂದ ಸೋರ್ತಿದೆ, ಅದನ್ನೇ ಸರಿ ಮಾಡ್ಲಿಲ್ಲ. ಇನ್ನು ಊರೋರ ಫಿಲ್ಟರ್ ಸರಿ ಮಾಡ್ತಾರಂತೆ!' ಅಂದೆ. ಇಡೀ ಪಂಕ್ತಿ ನಕ್ಕಿತು. ಅವರೂ ನಕ್ಕರು. ಮಾರನೆಯ ದಿನದಿಂದ ಕೆಳಗೆ ಊಟ.

ನಾಲ್ಕನೆಯ ದಿನವೋ ಏನೋ ಅತ್ತೆ ಮೇಲೆ ಬಂದು ಗಂಡನ ಮಾತು ಮುಟ್ಟಿಸಿದರು: 'ಅವಳ ಓದು ಅವಳ ಹತ್ರಾನೇ ಇಟ್ಕೊಳ್ಳಲಿ.' ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ತಮಾಷೆಗೆ ಇಷ್ಟು ದೊಡ್ಡ ಮಾತೇ? ಆಮೇಲೆ ನಾನೂ ಬಿಡಲಿಲ್ಲ. ನಿಮ್ಮ ಮಗನಿಗೆ ಹೇಳಿ, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವರು ಅಂಗಡಿ ನಡೆಸಿದ ಹಾಗೇ ಇದೆ ಅಂತ. ನಿಮ್ಮ ಮಗನಿಗೆ ಹೇಳಿ, ಗಿರಾಕಿ ಜೊತೆಗಾದರೂ ಬಾಯಿ ಬಿಡ್ತಾರಾ ಅಂತ. ಮಲಗಲು ಮಾತ್ರ ಅವರು ಮೇಲೆ ಬರುತ್ತಿದ್ದರು. ಒಂದೇ ಕೋಣೆ, ಒಂದೇ ಫ್ಯಾನು, ಒಂದು ಮಾತಿಲ್ಲ. ನನಗೆ ಉಸಿರು ಕಟ್ಟುತ್ತಿತ್ತು. ಎದ್ದು ತವರಿಗೆ ಹೋಗೋಣವೆಂದರೆ ಏನಂತ ಹೇಳುವುದು? ಹೊಡೆದರೇ, ಬೈದರೇ? ಏನೂ ಇಲ್ಲ.

ಅಷ್ಟರಲ್ಲಿ ಕೆಲಸದಲ್ಲಿ ಹೊಸ ಕ್ಯಾಮೆರಾ ಬಂತು. ಪರೀಕ್ಷೆಗೆ ಒಂದು ಜೋಡಿ ಬೇಕು. ಮೇಡಂ, 'ನೀವೇ ನಿಮ್ ಹಸ್ಬೆಂಡ್‌ನ ಕರ್ಕೊಂಡ್ ಬನ್ನಿ. ಸುಮ್ನೆ ಟೆಸ್ಟಿಂಗು ಕಣ್ರೀ, ಆಮೇಲೆ ಡಿಲೀಟ್ ಮಾಡ್ಬಿಡೋಣ' ಅಂದರು. ಮದುವೆ ಉಳಿಸುವ ಯೋಜನೆಯಲ್ಲಿ ಕೂತವಳು, ಗಂಡ ಮಾತು ಬಿಟ್ಟಿದ್ದಾರೆ ಅಂತ ಯಾವ ಬಾಯಲ್ಲಿ ಹೇಳಲಿ? ಹೂಂ ಅಂದೆ. ಅತ್ತೆಯ ಮೂಲಕ ಹೇಳಿಕಳಿಸಿದೆ. ಗಂಡ ಬಂದರು. ಬೈಕಿನ ಹಿಂದೆ ಕೂತು ಸರ್ವೀಸ್ ರಸ್ತೆಯುದ್ದಕ್ಕೂ ಅವರ ಅಂಗಿಯ ಹೊಲಿಗೆ ನೋಡುತ್ತಾ ಹೋದೆ.

ಕೋಣೆಯಲ್ಲಿ ಅತ್ತೆ ಇರಲಿಲ್ಲವಲ್ಲ, ಹಾಗಾಗಿ ನಾವಿಬ್ಬರೂ ಕ್ಯಾಮೆರಾವನ್ನೇ ಅತ್ತೆ ಮಾಡಿಕೊಂಡೆವು. 'ಮೇಡಂ, ಮನೇಲಿ ಎಲ್ಲಾ ಚೆನ್ನಾಗೇ ಇದೆ' ಅಂತ ಅವರು ಕ್ಯಾಮೆರಾಗೆ ಹೇಳಿದರು. 'ಚೆನ್ನಾಗಿದ್ರೆ ಇಲ್ಲಿಗ್ಯಾಕ್ ಬರ್ತಿದ್ವಿ ಅಂತ ಕೇಳಿ ಮೇಡಂ' ಅಂತ ನಾನೂ ಕ್ಯಾಮೆರಾಗೇ ಹೇಳಿದೆ. ನಡುವೆ ಕಾಲರಿನ ಮೈಕಿನ ಬ್ಯಾಟರಿ ಮುಗಿದು, ನಾನು ಎದ್ದು ಹೊರಗೆ ಹೋಗಿ ಹೊಸದು ತಂದೆ. ಬಂದಾಗ ಅವರು ಹೇಗಿದ್ದರೋ ಹಾಗೇ ಕೂತಿದ್ದರು.

ಆ ವಿಡಿಯೋವನ್ನು ಯಾರೂ ಅಳಿಸಲಿಲ್ಲ. ಉಳಿದವುಗಳ ಜೊತೆ ಅದಕ್ಕೂ ಒಂದು ನಂಬರು ಬಿತ್ತು. ಮೂರು ವಾರದ ಮೇಲೆ ಅದು ನನ್ನ ಪಾಲಿಗೇ ಬಂತು. ತೆರೆದರೆ ನಾವೇ! ಪರಿಚಯದವರ ವಿಡಿಯೋ ಬಂದರೆ ಅಲ್ಲೇ ಮುಚ್ಚಿ ಮೇಡಂಗೆ ತಿಳಿಸಬೇಕು ಅನ್ನುವುದು ನಿಯಮ. ನಾನು ಮುಚ್ಚಲಿಲ್ಲ. ಗಂಡನ ತಪ್ಪು ಚೌಕಗಳಲ್ಲಿ ಬೀಳಲಿ, ಕಣ್ಣಾರೆ ನೋಡೋಣ ಅಂತ ಹೆಡ್‌ಫೋನ್ ಹಾಕಿಕೊಂಡೆ.

'ಅಂಗಡಿ ಪರವಾಗಿಲ್ಲ, ನಡೀತಿದೆ' ಅಂದರು ಅವರು. ತೆರೆಯಲ್ಲಿ ನನ್ನ ತುಟಿಯ ಎಡ ಕೊನೆ ಮೇಲೆ ಹೋಯಿತು. ವಿಡಿಯೋ ಹಿಂದಕ್ಕೆ ಎಳೆದು ಮತ್ತೆ ನೋಡಿದೆ. ಹೋಯಿತು. 'ಬೆಳಿಗ್ಗೆ ಬೇಗ ತೆಗೀತೀನಿ' ಅಂದರು. ಮತ್ತೆ ಹೋಯಿತು. ನನ್ನ ಸಾಲಿನಲ್ಲಿ ತಾತ್ಸಾರದ ಗುರುತು ಒಂದರ ಪಕ್ಕ ಒಂದು ಬೀಳುತ್ತಾ ಹೋಯಿತು. ಹಾಕುತ್ತಿದ್ದವಳು ನಾನೇ. ಛೀ ಅನ್ನಿಸಿತು.

ಆಮೇಲೆ ತೆರೆಯಲ್ಲಿ ನಾನು ಬ್ಯಾಟರಿಗೆಂದು ಎದ್ದು ಹೋದೆ. ಕ್ಯಾಮೆರಾದ ಸ್ವಂತ ಮೈಕು ನಡೆಯುತ್ತಲೇ ಇತ್ತು. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿದರು. 'ಮೇಡಂ, ಅವಳು ಇದನ್ನ ನೋಡ್ತಾಳೋ ಇಲ್ವೋ ಗೊತ್ತಿಲ್ಲ. ನೋಡ್ದಿದ್ರೆ ನೀವೇ ಹೇಳಿ. ನಂಗೇನೂ ಕೋಪ ಇಲ್ಲ. ಬಾಯಿ ಬಿಟ್ರೆ ಎಲ್ಲಿ ನಗ್ತಾಳೋ ಅಂತ ಹೆದರಿಕೆ ಅಷ್ಟೇ.'

ಹಾಳೆಯಲ್ಲಿ ಹೆದರಿಕೆಗೆ ಚೌಕವಿಲ್ಲ. ಹತ್ತಿರದ್ದು ಅಂದರೆ ಮೌನ ಒಂದೇ, ಆರು ತಿಂಗಳು ಮನೆಯಲ್ಲಿ ಅವರ ಸಾಲಿಗೆ ನಾನು ಅದನ್ನೇ ತುಂಬಿದ್ದೆ. ತಲೆನೋವು ಅಂತ ಹೇಳಿ ಮಧ್ಯಾಹ್ನವೇ ಬಸ್ಸು ಹತ್ತಿದೆ.

ಅತ್ತೆ ಶೆಟ್ಟಿಹಳ್ಳಿಗೆ, ಮಗಳ ಮನೆಗೆ ಹೊರಡಲು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದರು. ನಾನು ಚಪ್ಪಲಿಯನ್ನೂ ಬಿಡದೆ ಹೇಳಿದೆ, 'ಅತ್ತೆ, ಹೋಗೋ ಮುಂಚೆ ನಿಮ್ಮ ಮಗನಿಗೆ ಹೇಳಿ. ನಂದು ತಪ್ಪಾಯ್ತು ಅಂತ.'

'ಅದುನ್ನ ಏಳಿ ಏಳಿ ನಂಗೆ ಸಾಕಾಗೋಗೈತೆ ಕಣವ್ವ' ಅಂದರು.

'ಏನು ಹೇಳಿದ್ರಿ?'

'ತಪ್ಪಾಯ್ತಂತೆ ಕಣಪ್ಪ ಅಂತ. ನೀನು ಅಂದಿದ್ದುನ್ನೆಲ್ಲ ಅಂಗೇ ಒಯ್ದು ಸುರಿಯಾಕಾಯ್ತದಾ? ಅವ್ನು ಉಣ್ಣಾದು ಬ್ಯಾಡ್ವಾ? ನೀನು ಬೈದಾಗೆಲ್ಲ ನಾನು ಅದ್ನೇ ಏಳಿದ್ದು. ಅಂಗಾದ್ರೆ ಅವ್ಳೇ ಯಾಕೆ ಬಂದು ಏಳಾಕಿಲ್ಲ ಅಂತಿದ್ದ.'

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. 'ಮತ್ತೆ ಅವರು ಅಂದಿದ್ದು? ನನ್ನ ಓದು ನನ್ನ ಹತ್ರಾನೇ ಇಟ್ಕೊಳ್ಳಲಿ ಅಂತ?'

ಅತ್ತೆ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದವರು ನಿಲ್ಲಿಸಿದರು. 'ಅವ್ನೆಲ್ಲಿ ಅಂದ? ಉಂಡ್ಲಾ ಅಂತ ಕೇಳ್ತಿದ್ದ, ಅಷ್ಟೇಯ. ಗಂಡಸು ಅಷ್ಟು ಮೆತ್ತಗಿದ್ರೆ ನೀನು ಇನ್ನೂ ನಗಾಡ್ತೀಯ ಅಂತ ನಾನೇ ಒಂದೆರಡು ಸೇರುಸ್ದೆ.'

ನನ್ನ ಬೈಗುಳವೆಲ್ಲ ಕ್ಷಮೆಯಾಗಿ ಕೆಳಗಿಳಿದಿತ್ತು. ಗಂಡನ ಕಾಳಜಿ ಬೈಗುಳವಾಗಿ ಮೇಲೆ ಬಂದಿತ್ತು. ನಾನು ಈಗ ಕೇಳಬೇಕೆಂದಿದ್ದ ಕ್ಷಮೆಯನ್ನು ಅವರು ಆಗಲೇ ಅತ್ತೆಯ ಬಾಯಲ್ಲಿ ನೂರು ಸಲ ಕೇಳಿಸಿಕೊಂಡು, ಮಾರನೆಯ ಬೆಳಿಗ್ಗೆ ನನ್ನ ಓರೆ ತುಟಿ ನೋಡಿ, ಸುಳ್ಳು ಅಂತ ತಿಳಿದಿದ್ದರು. ಆಟೋ ಬಂತು. ಅತ್ತೆ ಮೊಣಕಾಲು ಹಿಡಿದುಕೊಂಡು ಹತ್ತಿದರು. 'ಇನ್ನು ನಂಗೆ ಆ ಮೆಟ್ಲು ಅತ್ತಾಕಾಗಲ್ಲ ಕಣವ್ವ' ಅಂದರು.

ಸಂಜೆ ಏಳಕ್ಕೆ ಗಂಡ ಬಂದರು. ಕೆಳಗಿನ ಬಾಗಿಲಿಗೆ ಬೀಗ. ಮೆಟ್ಟಿಲು ಹತ್ತಿ ಬಂದು ನಮ್ಮ ಅಡುಗೆಮನೆಯ ಹೊಸಿಲ ಆಚೆ ನಿಂತರು.

'ರೀ' ಅಂದೆ.

ಅವರು ಹಿಂದೆ ತಿರುಗಿ ಮೆಟ್ಟಿಲ ಕಡೆ ನೋಡಿದರು, ಅಮ್ಮ ಬಂದಿದ್ದಾರೇನೋ ಅಂತ. ಅಲ್ಲಿ ಯಾರೂ ಇರಲಿಲ್ಲ.

'ನಂದು ತಪ್ಪಾಯ್ತು ರೀ.'

'ಗೊತ್ತು' ಅಂದರು. 'ಅಮ್ಮ ದಿನಾ ಹೇಳ್ತಾನೇ ಇದ್ಲು.'

ಅವರ ದನಿಯಲ್ಲಿ ಕೋಪ ಇರಲಿಲ್ಲ. ಆದರೆ ಅವರು ನೋಡುತ್ತಿದ್ದದ್ದು ನನ್ನ ಕಣ್ಣನ್ನಲ್ಲ, ತುಟಿಯನ್ನು. ಅತ್ತು ಬಿಡಬೇಕು ಅನ್ನಿಸಿತು, ಅತ್ತರೂ ಬಾಯಿ ಓರೆಯಾಗುತ್ತದಲ್ಲ ಅಂತ ಅದನ್ನೂ ನುಂಗಿದೆ. ಹತ್ತು ಸೆಕೆಂಡು ಕಳೆಯುವವರೆಗೆ ತುಟಿ ಅಲುಗಿಸದೆ ನಿಂತಿದ್ದೆ.