ಟವೆಲ್ಲಿನ ಕೆಳಗೆ ಐದು ಬೆರಳು

ಬೆಳಗಿನ ಐದೂವರೆ. ವಿದ್ಯಾನಗರದ ಆಸ್ಪತ್ರೆಯೊಂದರ ಎರಡನೇ ಮಹಡಿ. ಚಹಾದವನು ಇನ್ನೂ ಬಂದಿಲ್ಲ, ರಾತ್ರಿ ಪಾಳಿಯ ನರ್ಸ್ ಆಕಳಿಸುತ್ತಿದ್ದಾರೆ, ಈ ಹೊತ್ತಿಗೆ ಎದ್ದು ಅಭ್ಯಾಸವಿಲ್ಲದ, ಪತ್ರಿಕೆಗೆ ಬರೆಯಲು ಬಂದ ನಾನು ಗೋಡೆಗೆ ಒರಗಿ ನಿಂತಿದ್ದೇನೆ. ಉಡಚಪ್ಪ ಮಾತ್ರ ತಲೆಗೆ ಕೆಂಪು ಟವೆಲ್ ಸುತ್ತಿ ಆಗಲೇ ಕೆಲಸಕ್ಕೆ ಇಳಿದಿದ್ದಾರೆ. ಎಂಬತ್ತು ಕಿಲೋ ತೂಗುವ ನಿವೃತ್ತ ಮಾಸ್ತರರೊಬ್ಬರನ್ನು ಮಂಚದ ಅಂಚಿಗೆ ತಂದು, ತಮ್ಮ ಮೊಣಕಾಲನ್ನು ಅವರ ಮೊಣಕಾಲಿಗೆ ಆನಿಸಿ, ಸೊಂಟಕ್ಕೆ ಕೈ ಕೊಟ್ಟು, ಒಂದೇ ಉಸಿರಿಗೆ ನಿಲ್ಲಿಸುತ್ತಾರೆ.

"ಹಾಂ, ನಿಂತ್ರಿ ನೋಡ್ರಿ! ನಾ ಏನೂ ಮಾಡಿಲ್ರಿ ಮಾಸ್ತರ್ರ, ನೀವ ನಿಂತ್ರಿ."

ಮಾಸ್ತರರ ಸೊಟ್ಟಗಾದ ಬಾಯಲ್ಲಿ ಅರ್ಧ ನಗು ಮೂಡುತ್ತದೆ. ಅವರಿಗೆ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದು ಇದು ನಾಲ್ಕನೇ ದಿನ.

ಉಡಚಪ್ಪನವರಿಗೆ ಈಗ ನಲವತ್ತೊಂಬತ್ತು ವರ್ಷ. ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ 'ವಾರ್ಡ್ ಬಾಯ್'. "ಮೊಮ್ಮಗ ಬಂದಾನ್ರಿ ಮನ್ಯಾಗ, ಇಲ್ಲಿ ನಾ ಇನ್ನೂ ಬಾಯ್," ಎಂದು ಅವರೇ ನಗುತ್ತಾರೆ. ಹದಿನಾರನೇ ವಯಸ್ಸಿನಿಂದ ಇಪ್ಪತ್ತೆರಡು ವರ್ಷ ಅಮರಗೋಳದ ಮಾರುಕಟ್ಟೆ ಅಂಗಳದಲ್ಲಿ ಹಮಾಲಿ ಮಾಡಿದವರು. ೧೯೯೭ರಲ್ಲಿ ತಾಯಿ ಬಾಳವ್ವನಿಗೆ ಲಕ್ವಾ ಆಯಿತು. ಇದೇ ಆಸ್ಪತ್ರೆಗೆ ತಂದರೆ ಲಿಫ್ಟ್ ಕೆಟ್ಟಿತ್ತು. ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲೇರಿ, ಹಾಸಿಗೆಯ ಮೇಲೆ ಇಳಿಸಿದರು. ಆ ಇಳಿಸಿದ ರೀತಿಯನ್ನು ಇಲ್ಲಿನ ವೈದ್ಯೆ ಡಾ. ದಾಕ್ಷಾಯಿಣಿ ನೋಡಿದರು, ಮರುವಾರವೇ ಕೆಲಸಕ್ಕೆ ಕರೆದರು.

"ಚೀಲ ಎತ್ತೋದು ಯಾರಿಗರ ಬರತೈತ್ರಿ. ಇಳಸೋದ್ರಾಗ ಐತಿ ಹಮಾಲಿ. ದಪ್ಪಂತ ಒಗದ್ರ ಹೊಲಗಿ ಬಿಚ್ಚತೈತಿ," ಎನ್ನುತ್ತಾರೆ ಉಡಚಪ್ಪ. ತಾಯಿ ಮೂರು ವರ್ಷ ಬದುಕಿದರು, ಆದರೆ ಎದ್ದು ಓಡಾಡಲಿಲ್ಲ. ಆಗ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಈ ಊರಿಗೆ ಬಂದಿರಲಿಲ್ಲ. ಅದೊಂದು ಕೊರಗು ಅವರಿಗೆ ಇಂದಿಗೂ ಇದೆ, ಮುಚ್ಚಿಡುವುದಿಲ್ಲ.

ದಿನಕ್ಕೆ ಹದಿನಾಲ್ಕು ರೋಗಿಗಳು. ಒಬ್ಬೊಬ್ಬರನ್ನು ಮೂರು ಸಲ ಎಬ್ಬಿಸಬೇಕು, ಮೂರು ಸಲ ಕೂರಿಸಬೇಕು. ನಡುವೆ ಹೊರಗಿನಿಂದ ಬರುವವರ ಕೈಕಾಲು ತಿಕ್ಕಬೇಕು, ವರಾಂಡದಲ್ಲಿ ನಡೆಸಬೇಕು. ಮುಂಜಾನೆ ಅಮರಗೋಳದಿಂದ ಸೈಕಲ್ಲು, ಸಂಜೆ ಮತ್ತೆ ಸೈಕಲ್ಲು. ಹತ್ತು ವರ್ಷದಲ್ಲಿ ಒಬ್ಬ ರೋಗಿಯನ್ನೂ ಬೀಳಿಸಿಲ್ಲ ಎಂದು ನರ್ಸುಗಳೇ ಸಾಕ್ಷಿ ಹೇಳುತ್ತಾರೆ. ತಾವೇ ಎರಡು ಸಲ ಬಿದ್ದಿದ್ದಾರೆ, ರೋಗಿ ಮಾತ್ರ ಮೇಲೆ.

ಏಳು ಗಂಟೆಗೆ ಅಸಲಿ ತಮಾಷೆ ಶುರುವಾಗುತ್ತದೆ. ಬಿಳಿ ಧೋತರ, ಹಣೆಯ ತುಂಬ ವಿಭೂತಿ, ಎಡಗೈಯಲ್ಲಿ ಕೋಲು ಹಿಡಿದ ಅರವತ್ತಮೂರರ ಶಾಂತಯ್ಯ ಆಟೋದಿಂದ ಇಳಿಯುತ್ತಾರೆ. ಅಮರಗೋಳದ ಹತ್ತಿ ವ್ಯಾಪಾರಿ. ಇವರ ಅಂಗಡಿಯ ಚೀಲಗಳನ್ನೇ ಉಡಚಪ್ಪ ಇಪ್ಪತ್ತೆರಡು ವರ್ಷ ಹೊತ್ತಿದ್ದು. ಈಗ ಸಾಹುಕಾರರನ್ನೇ ಹೊರುವ ಪಾಳಿ ಬಂದಿದೆ. ಇಬ್ಬರೂ ಬೆಂಚಿನ ಮೇಲೆ ಎದುರುಬದುರು ಕೂರುತ್ತಾರೆ. ಉಡಚಪ್ಪ ತಲೆಯ ಕೆಂಪು ಟವೆಲ್ ಬಿಚ್ಚಿ ಇಬ್ಬರ ಬಲಗೈಗಳ ಮೇಲೆ ಹೊದಿಸುತ್ತಾರೆ.

ದನದ ಸಂತೆ ನೋಡಿದವರಿಗೆ ಇದು ಹೊಸದಲ್ಲ. ಮಂದಿಗೆ ತಿಳಿಯಬಾರದೆಂದು ದಲಾಲರು ಟವೆಲ್ಲಿನ ಕೆಳಗೆ ಬೆರಳು ಒತ್ತಿ ದರ ಹೇಳುತ್ತಾರೆ, ಬಾಯಿ ಬಿಡುವುದಿಲ್ಲ. ಹಿಂದೊಂದು ಕಾಲಕ್ಕೆ ಹತ್ತಿಯೂ ಹೀಗೇ ಮಾರಾಟವಾಗುತ್ತಿತ್ತು. ಈಗ ಎಲ್ಲ ದರ ಬರೆದು ಹಾಕುವ ಚೀಟಿ ವ್ಯಾಪಾರ. ಆದರೆ ಶಾಂತಯ್ಯನವರ ಬೆರಳಿಗೆ ಹಳೆಯ ರೂಢಿ ಇದ್ದೇ ಇದೆ, ಅದನ್ನೇ ಉಡಚಪ್ಪ ವ್ಯಾಯಾಮವಾಗಿ ಬದಲಿಸಿದ್ದಾರೆ. ರಬ್ಬರ್ ಚೆಂಡು ಹಿಸುಕಲು ಹೇಳಿದರೆ ಸಾಹುಕಾರರು ಅದನ್ನು ಕಿಟಕಿಯಿಂದ ಆಚೆ ಒಗೆದಿದ್ದರಂತೆ. "ನಾ ಏನ್ ಕೂಸೇನೋ?" ಎಂದಿದ್ದರಂತೆ.

ಕಥೆ ಶುರುವಾದದ್ದು ಈ ವರ್ಷದ, ಅಂದರೆ ೨೦೦೭ರ ಜುಲೈನಲ್ಲಿ. ಒಂದೇ ವಾರದಲ್ಲಿ ಇಬ್ಬರು ಬಂದರು. ಇಬ್ಬರಿಗೂ ಬಲಭಾಗಕ್ಕೆ ಲಕ್ವಾ, ಇಬ್ಬರೂ ಮೂರು ತಾಸಿನ ಒಳಗೆ ಆಸ್ಪತ್ರೆ ಮುಟ್ಟಿದ ಅದೃಷ್ಟವಂತರು, ಇಬ್ಬರಿಗೂ ಅದೇ ಇಂಜೆಕ್ಷನ್. ಒಬ್ಬರು ಶಾಂತಯ್ಯ. ಇನ್ನೊಬ್ಬರು ಲಕಮನಹಳ್ಳಿಯ ಚನ್ನಬಸವ್ವ. ಚನ್ನಬಸವ್ವ ಅದೇ ಸಂಜೆ ಬೆರಳು ಆಡಿಸಿದರು. ಮೂರನೇ ದಿನ ಉಡಚಪ್ಪ ಕೊಟ್ಟ ಸ್ಟೀಲ್ ತಾಟಿನ ಮೇಲೆ ಜೋಳದ ಹಿಟ್ಟು ಹಾಕಿ ಟಪಟಪ ರೊಟ್ಟಿ ಬಡಿದರು. ಆರನೇ ದಿನ ಎಲ್ಲರಿಗೂ ಕೈಮುಗಿದು ಮನೆಗೆ ಹೋದರು.

ಪಕ್ಕದ ವಾರ್ಡಿನಲ್ಲಿ ಆ ರೊಟ್ಟಿಯ ಸದ್ದು ಕೇಳುತ್ತ ಮಲಗಿದ್ದ ಶಾಂತಯ್ಯನವರ ಕೈ ಹೆಣಭಾರವಾಗಿ ಬಿದ್ದೇ ಇತ್ತು. ಸಾಹುಕಾರರ ಪಿತ್ತ ನೆತ್ತಿಗೇರಿತು.

"ಆಕಿಗೊಂದು ಸೂಜಿ, ನನಗೊಂದು ಸೂಜಿ ಏನ್ರಿ? ನನಗ ನೀರ ಬೆರಸಿದ್ದು ಚುಚ್ಚೀರೇನು?" ಎಂದು ಡಾಕ್ಟರಮ್ಮನನ್ನೇ ಕೇಳಿಬಿಟ್ಟರು. ತೂಕ ಹೆಚ್ಚಿಸಲು ನೀರು ಚಿಮುಕಿಸಿದ ಹತ್ತಿಯನ್ನು ನಲವತ್ತು ವರ್ಷ ಪತ್ತೆಹಚ್ಚಿ ರೂಢಿಯಾದ ಮನುಷ್ಯ, ಅನುಮಾನ ಬರದೆ ಇರುತ್ತದೆಯೇ!

ಡಾ. ದಾಕ್ಷಾಯಿಣಿ ನನಗೆ ಬಿಡಿಸಿ ಹೇಳುತ್ತಾರೆ: "ಔಷಧ ಒಂದೇ, ಆದರೆ ಹೆಪ್ಪು ಎಲ್ಲಿಂದ ಬಂತು ಅನ್ನೋದು ಬೇರೆ. ಚನ್ನಬಸವ್ವನ ಹೃದಯದ ಬಡಿತ ತಾಳ ತಪ್ಪಿತ್ತು. ಅಲ್ಲಿ ರಕ್ತ ಹೆಪ್ಪುಗಟ್ಟಿ, ಹಾರಿ ಬಂದು ಮಿದುಳಿನ ನಾಳದಲ್ಲಿ ಕೂತಿತ್ತು. ನಾಳ ಸ್ವಚ್ಛ ಇತ್ತು, ಹೆಪ್ಪು ಕರಗಿತು, ದಾರಿ ತೆರೀತು. ಶಾಂತಯ್ಯನವರದು ಸಕ್ಕರೆ ಕಾಯಿಲೆ ಮತ್ತು ತಂಬಾಕಿನಿಂದ ಕುತ್ತಿಗೆಯ ನಾಳವೇ ಗಡುಸಾಗಿ ಕಿರಿದಾದದ್ದು. ಹೆಪ್ಪು ಕರಗಿದರೂ ದಾರಿ ಕಿರಿದೇ. ಹಾಗಂತ ಹೃದಯದಿಂದ ಬಂದದ್ದೆಲ್ಲ ಹಗುರ ಅಂತ ತಿಳೀಬಾರದು. ಕೆಲವು ಸಲ ದೊಡ್ಡ ಹೆಪ್ಪು ಬಂದು ದೊಡ್ಡ ಪೆಟ್ಟೇ ಕೊಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆ ಬಿಟ್ಟರೆ ಮತ್ತೆ ಬರುತ್ತದೆ."

ಇದನ್ನೇ ಉಡಚಪ್ಪ ತಮ್ಮ ಭಾಷೆಗೆ ಇಳಿಸಿದ್ದಾರೆ. "ಧಾರವಾಡ ರೋಡಿನ್ಯಾಗ ಲಾರಿ ಕೆಟ್ಟು ನಿಂತ್ರ ಎಳದು ಒಗದ್ರ ಆತ್ರಿ, ಗಾಡಿ ಹೊಂಟ್ವು. ರೋಡ ಕುಸದಿದ್ರ? ಲಾರಿ ಎಳದ ಮ್ಯಾಲೂ ಒಂದೊಂದ ಗಾಡಿ ಬಿಡಬೇಕು. ಗಾಡಿ ಹೋಗತಾವ್ರಿ, ಹೋಗೂದಿಲ್ಲ ಅಂತಲ್ಲ. ತಡಾ ಆಗತೈತಿ." ರೋಗಿಯ ಕೈ ಹಿಡಿದು ನಡೆಸುವಾಗ ಅವರ ಹೆಬ್ಬೆರಳು ಸದಾ ನಾಡಿಯ ಮೇಲೆ ಇರುತ್ತದೆ. ಎತ್ತು ಕುಂಟಿದ ಹಾಗೆ ಬಡಿಯುವ ನಾಡಿ ಸಿಕ್ಕರೆ ನೆಟ್ಟಗೆ ಡಾಕ್ಟರ ಬಳಿಗೆ ಓಡುತ್ತಾರೆ. ರೋಗ ಹೇಳುವುದು ತಮ್ಮ ಕೆಲಸವಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಶಾಂತಯ್ಯನವರಿಗೆ ಮಾತ್ರ ತಡವಾಗುವಂತಿರಲಿಲ್ಲ. ದೀಪಾವಳಿಗೆ ಅಮರಗೋಳಕ್ಕೆ ಹೊಸ ಹತ್ತಿ ಬರುತ್ತದೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹತ್ತಿ ಹಿಡಿದು ಎಳೆದು, ಎಳೆ ಇಷ್ಟುದ್ದ ಎಂದು ಅವರು ಹೇಳಿದರೆ ಅಂಗಳದಲ್ಲಿ ಎರಡನೇ ಮಾತಿಲ್ಲ. ಆ ಎರಡು ಬೆರಳು ಹೋದರೆ ಅವರು ಅಂಗಡಿಯ ಗಾದಿಯ ಮೇಲೆ ಸುಮ್ಮನೆ ಕೂರುವ ಮುದುಕ. "ಅಳಿಯ ಪ್ರಸಾದ ಛಲೋ ಹುಡುಗ, ಅಡ್ಡಿ ಇಲ್ಲ. ಆದ್ರ ಹತ್ತೀನ ಕಣ್ಣಿಲೆ ನೋಡ್ತಾನ. ಹತ್ತಿ ಏನ್ ಸಿನಿಮಾ ಏನ್ರಿ ಕಣ್ಣಿಲೆ ನೋಡಾಕ?" ಎಂದು ಶಾಂತಯ್ಯ ಗುಡುಗುತ್ತಾರೆ.

ಸಾಹುಕಾರರ ಕಣ್ಣಲ್ಲಿ ನೀರು ಕಂಡು ಕರಗಿದ ಉಡಚಪ್ಪ ಒಂದು ತಪ್ಪು ಮಾಡಿದರು. ಅದನ್ನು ಹೇಳುವಾಗ ಈಗಲೂ ತಲೆ ತಗ್ಗಿಸುತ್ತಾರೆ. ಟವೆಲ್ಲಿನ ಕೆಳಗೆ ಬೆರಳು ಅಲುಗದಿದ್ದರೂ "ಎರಡು ಒತ್ತೀರಿ ನೋಡ್ರಿ! ಇವತ್ತ ಮೂರು!" ಎನ್ನತೊಡಗಿದರು. ಹತ್ತು ದಿನ ವ್ಯಾಪಾರ ಬಲು ಜೋರಾಗಿ ನಡೆಯಿತು. ಹನ್ನೊಂದನೇ ದಿನ ಶಾಂತಯ್ಯ ಬೇಕೆಂದೇ ಕೈ ಸಡಿಲ ಬಿಟ್ಟು ಕೂತರು.

"ನಾಕು, ಸಾವ್ಕಾರ್ರ!" ಎಂದರು ಉಡಚಪ್ಪ.

"ನಾ ಒತ್ತೇ ಇಲ್ಲಲೇ!" ಎಂದರು ಶಾಂತಯ್ಯ. "ಇಪ್ಪತ್ತೆರಡು ವರ್ಷ ನನ್ನ ಅಂಗಡ್ಯಾಗ ಇದ್ದು ನನಗ ಸುಳ್ಳ ತೂಕ ಹೇಳ್ತಿಯೇನೋ?"

ಆಟೋ ಕರೆಸಿ ಹೊರಟೇಬಿಟ್ಟರು. ಮೂರು ದಿನ ಬರಲಿಲ್ಲ, ಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ನಾಲ್ಕನೇ ದಿನ ಉಡಚಪ್ಪ ಅವರ ಮನೆಯ ಹೊಸ್ತಿಲಲ್ಲಿ ಕೂತರು. ಜೊತೆಗೆ, ಮನೆಯಲ್ಲಿ ತಾನೇ ಬಡಿದ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಹಿಡಿದ ಚನ್ನಬಸವ್ವ.

"ತಪ್ಪಾತ್ರಿ ಸಾವ್ಕಾರ್ರ," ಎಂದರು ಉಡಚಪ್ಪ. "ನಿಮ್ಮ ಬೆರಳು ಇನ್ನೂ ಒಂದೂ ಒತ್ತಿಲ್ಲ. ಈಯವ್ವನಂಗ ನಿಮಗ ಲಗೂ ಬರೂದಿಲ್ಲ. ನಿಮ್ಮದು ರೋಡ ಕೆಟ್ಟೈತಿ. ತಂಬಾಕ ಬಿಟ್ಟು, ಗುಳಿಗಿ ನುಂಗಿ, ದಿನಾ ಬಂದು ಕುಂತ್ರ ಬರತೈತಿ. ಎಂದು ಅಂತ ನನಗ ಗೊತ್ತಿಲ್ಲ. ಇನ್ನ ಮ್ಯಾಲೆ ಖರೇ ತೂಕ ಅಷ್ಟ ಹೇಳ್ತೇನಿ, ಅದೂ ಸೊನ್ನಿ ಇದ್ರ ಸೊನ್ನಿ."

ಚನ್ನಬಸವ್ವ ಸುಮ್ಮನಿರುವ ಪೈಕಿ ಅಲ್ಲ. "ನಾ ಎದ್ದೇನಿ ಅಂತ ಹೊಟ್ಟಿಕಿಚ್ಚ ಪಡಬ್ಯಾಡ್ರಿ ಅಣ್ಣಾರ. ನನ್ನ ಎದಿ ಎಂದು ಕೈ ಕೊಡತೈತಿ ಅಂತ ನನಗೂ ಅಂಜಿಕಿ ಐತಿ. ಶ್ರಾವಣದ ಉಪವಾಸ ಅಂತ ಎರಡು ದಿನ ಗುಳಿಗಿ ಬಿಟ್ಟಿದ್ನಿ, ಈ ಉಡಚಪ್ಪ ಮನಿಗೆ ಬಂದು ನಾಡಿ ಹಿಡದು, ಗುಳಿಗಿ ಹಾಳಿ ಎಣಿಸಿ, ಹಂಗ ಬೈದಾನ. ಡಾಕ್ಟರ ಹತ್ರ ಎಳಕೊಂಡ ಹೋದ. ದೇವ್ರ ಮುಂದ ಗುಳಿಗಿ ಇಟ್ಟು, ಪ್ರಸಾದ ಅಂತ ನುಂಗಾಕತ್ತೇನಿ ಈಗ," ಎಂದು ರೊಟ್ಟಿ ಗಂಟು ಬಿಚ್ಚಿದರು. ಮರುದಿನ ಏಳಕ್ಕೆ ಸರಿಯಾಗಿ ಆಸ್ಪತ್ರೆ ಮುಂದೆ ಆಟೋ ನಿಂತಿತು.

ಆಮೇಲಿನದು ಖರೇ ತೂಕದ ವ್ಯಾಪಾರ. ಇಪ್ಪತ್ತಾರು ದಿನ ಸತತ ಸೊನ್ನೆ. ಇಬ್ಬರೂ ದಿನಾ ಕೂತರು, ಒಬ್ಬ ಒತ್ತಲು ಒದ್ದಾಡಿದ, ಇನ್ನೊಬ್ಬ "ಸೊನ್ನಿ ರೀ" ಎಂದ. ಗಣಪತಿ ಹಬ್ಬದ ಮರುದಿನ ಟವೆಲ್ಲಿನ ಕೆಳಗೆ ಏನೋ ಇರುವೆ ಹರಿದಂತಾಯಿತು. "ಅರ್ಧ," ಎಂದರು ಉಡಚಪ್ಪ. ಆ ಅರ್ಧಕ್ಕೆ ಶಾಂತಯ್ಯ ವಾರ್ಡಿಗೆಲ್ಲ ಪೇಢೆ ಹಂಚಿಸಿದರಂತೆ. ನನಗೆ ಇದನ್ನು ಕೇಳಿ ಹೊಟ್ಟೆ ತುಂಬಾ ಸಂತೋಷವಾಯಿತು, ಪೇಢೆ ಸಿಗಲಿಲ್ಲವಲ್ಲ ಎಂಬುದಷ್ಟೇ ಬೇಜಾರು.

ನಿಮ್ಮ ಆಸೆ ಏನು ಎಂದು ಉಡಚಪ್ಪನವರನ್ನು ಕೇಳುತ್ತೇನೆ. ಪಗಾರ ಹೆಚ್ಚಳ ಎನ್ನಬಹುದು, ಹುದ್ದೆಯ ಹೆಸರಿನಿಂದ 'ಬಾಯ್' ತೆಗೆಯಿರಿ ಎನ್ನಬಹುದು ಎಂದುಕೊಂಡಿದ್ದೆ. ಟವೆಲ್ ಝಾಡಿಸಿ ತಲೆಗೆ ಸುತ್ತಿಕೊಳ್ಳುತ್ತ ಅವರು ಹೇಳುತ್ತಾರೆ: "ನಮ್ಮವ್ವನ ಕೈ ಮೂರು ವರ್ಷ ಹಿಡಕೊಂಡ ಕುಂತಿದ್ನಿರಿ, ಒಂದ ಸಲಾನೂ ಒತ್ತಲಿಲ್ಲ. ಈ ಸಾವ್ಕಾರ್ರು ಒತ್ತಿದ್ರ ನಾ ಒಂದಿನ ಚೀರಬೇಕ್ರಿ. ಅಷ್ಟ."

ದೀಪಾವಳಿ ಮುಗಿದ ಮರುವಾರ ನಾನು ಮತ್ತೆ ನಸುಕಿನಲ್ಲಿ ಎದ್ದು ಅಮರಗೋಳಕ್ಕೆ ಹೋಗಿದ್ದೇನೆ. ಅಂದು ತಡವಾಗಿ ಶುರುವಾಗುವ ಆಸ್ಪತ್ರೆ ಪಾಳಿಗೆ ಹೋಗುವ ದಾರಿಯಲ್ಲಿ ಉಡಚಪ್ಪ ಸೈಕಲ್ ನಿಲ್ಲಿಸಿ ಹಾಜರಿದ್ದಾರೆ. ಗಾದಿಯ ಮೇಲೆ ಶಾಂತಯ್ಯ, ಎದುರಿಗೆ ಹೊಸ ಹತ್ತಿಯ ಮೊದಲ ರಾಶಿ, ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದ ಪ್ರಸಾದ. ಹಮಾಲರೆಲ್ಲ ಕೆಲಸ ಬಿಟ್ಟು ನಿಂತಿದ್ದಾರೆ. ಬಲಗೈ ಒಂದು ಚಿಟಿಕೆ ಹತ್ತಿ ಹಿಡಿಯುತ್ತದೆ. ಜಾರುತ್ತದೆ. ಮತ್ತೆ ಜಾರುತ್ತದೆ. ಮೂರನೇ ಸಲವೂ ಜಾರಿದಾಗ ಪ್ರಸಾದ ಕೈ ಮುಂದೆ ಮಾಡುತ್ತಾನೆ. "ಅತ್ತಾಗ ಸರೀ!" ಎಂದು ಮಾವ ಗದರುತ್ತಾರೆ. ನಾಲ್ಕನೇ ಸಲ ಹೆಬ್ಬೆರಳು, ತೋರುಬೆರಳು ಗಟ್ಟಿಯಾಗಿ ಕೂಡುತ್ತವೆ, ಎಳೆ ಬಿಡಿಸಿಕೊಂಡು ಬರುತ್ತದೆ. ಅದನ್ನು ತೊಡೆಯ ಮೇಲಿನ ಕರಿ ಬಟ್ಟೆಗೆ ಅಂಟಿಸಿ, ಸವರಿ, "ಮೂವತ್ತನಾಕು ಮಿಲಿಮೀಟರ," ಎನ್ನುತ್ತಾರೆ. ಪ್ರಸಾದ ಪಟ್ಟಿ ಇಟ್ಟು ನೋಡುತ್ತಾನೆ. ಮೂವತ್ತನಾಲ್ಕು.

ಅಂಗಳದಲ್ಲಿ ಹೋ ಎಂದು ಕೂಗು ಏಳುತ್ತದೆ. ಆದರೆ ಸಾಹುಕಾರರಿಗೆ ಅಷ್ಟಕ್ಕೇ ಸಮಾಧಾನವಿಲ್ಲ. "ಉಡಚಪ್ಪಾ, ಟವೆಲ್ ತಗೀ," ಎನ್ನುತ್ತಾರೆ.

ಕೆಂಪು ಟವೆಲ್ ಬಿಚ್ಚಿ ಬೀಳುತ್ತದೆ, ಎರಡು ಕೈ ಅದರ ಕೆಳಗೆ ಹೋಗುತ್ತವೆ. ಶಾಂತಯ್ಯನವರ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತದೆ. ಇದ್ದಕ್ಕಿದ್ದಂತೆ ಉಡಚಪ್ಪ "ಯಪ್ಪಾ!" ಎಂದು ಚೀರುತ್ತಾರೆ.

ಶಾಂತಯ್ಯ ಕಣ್ಣು ಕಿರಿದು ಮಾಡುತ್ತಾರೆ. "ಖರೇನೋ, ಮತ್ತ ಸುಳ್ಳ ತೂಕೋ?"

ಉಡಚಪ್ಪ ಟವೆಲ್ಲಿನಿಂದ ಕೈ ತೆಗೆದು ಅವರ ಮುಂದೆ ಹಿಡಿಯುತ್ತಾರೆ. ಚೀಲ ಹೊತ್ತು ಜಡ್ಡುಗಟ್ಟಿದ ಅಂಗೈಯ ಮೇಲೆ ಕೆಂಪಗೆ ಒಂದು ಉಗುರಿನ ಗುರುತು. ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಾರೆ.

"ತಗೋರಿ ಸಾವ್ಕಾರ್ರ, ಪಾವತಿ ಚೀಟಿ."