ಎಡಗಣ್ಣಿನ ನೇರಳೆ

"ಹಿಡ್ಕೋ, ಬಿಡಬೇಡ. ಇನ್ನೂ ನೀರು ಕುಡಿದಿದೆ ಅದು."

ಇಬ್ಬರು ಹೆಂಗಸರು ಬೊಂಬಿನ ಎರಡು ತುದಿ ಹಿಡಿದು ಹಂಡೆಯಿಂದ ಬಟ್ಟೆ ಎತ್ತುತ್ತಿದ್ದಾರೆ. ಆರು ಮಾರು ಉದ್ದದ ದಪ್ಪ ಹತ್ತಿ. ಒದ್ದೆಯಾದರೆ ಒಂದಾಳು ತೂಕ. ಹಿರಿಯವರು, ಬಣ್ಣ ನೋಡಲೆಂದು ಅಂಚಿಗೆ ಹೊಲಿದಿದ್ದ ಅಂಗೈಯಗಲದ ತುಂಡನ್ನು ಕತ್ತರಿಸಿಕೊಂಡು, ಹಿಂಡಿ, ಹಂಡೆಯ ಬಿಸಿ ಹೊಟ್ಟೆಗೆ ಒತ್ತಿ ಒಣಗಿಸುತ್ತಾರೆ. ಬೆಳಕು ಆಗತಾನೆ ಹರಿಯುತ್ತಿರುವ ಕಿಟಕಿಗೆ ಅದನ್ನು ಹಿಡಿಯುತ್ತಾರೆ. ಆಮೇಲೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎಡಗಣ್ಣೊಂದರಲ್ಲೇ ನೋಡುತ್ತಾರೆ.

"ಇನ್ನೊಂದು ಚಿಟಿಕೆ ನೀಲಿ."

"ಅತ್ತಿಗೆ, ನಿಮ್ಮ ಚಿಟಿಕೆ ಅಂದ್ರೆ ಮುಷ್ಟಿ" ಎನ್ನುತ್ತಾಳೆ ಬೊಂಬು ಹಿಡಿದ ನಾದಿನಿ.

ಈ ಬೀದಿಗೆ ಈ ಹಿರಿಯವರು ನೇರಳಕ್ಕ. ಮೂವತ್ತೊಂದು ವರ್ಷಗಳಿಂದ ಬಣ್ಣ ಹಾಕುತ್ತಿದ್ದಾರೆ. ಹಸಿರು, ಕಂದು ಎಲ್ಲಾ ಹಾಕುತ್ತಾರೆ. ಹುಡುಕಿಕೊಂಡು ಬರುವವರು ಮಾತ್ರ ನೇರಳೆಗೇ ಬರುತ್ತಾರೆ. ಯಾಕೆ ಎಂದು ಕೇಳಿದರೆ ಹೇಳುತ್ತಾರೆ: "ಕೆಂಪು ಹಾಕ್ಕೊಂಡವರನ್ನ ಎಲ್ಲರೂ ನೋಡ್ತಾರೆ. ನೀಲಿ ಹಾಕ್ಕೊಂಡವರನ್ನ ಯಾರೂ ನೋಡಲ್ಲ. ನೇರಳೆಯವರನ್ನ ದಾಟಿ ಹೋಗಿ, ತಿರುಗಿ ನೋಡ್ತಾರೆ."

ನೇರಳೆಗೆ ಎರಡು ಬೆಳಗು ಬೇಕು. ಮೊದಲ ದಿನ ಕೆಂಪು, ಅದು ಒಣಗಿದ ಮೇಲೆ ಮರುದಿನ ನೀಲಿ. "ಎರಡೂ ಹಟಮಾರಿ. ನೀಲೀನ ಮೊದಲು ಕೂರಿಸಿದ್ರೆ ಕೆಂಪಿಗೆ ಜಾಗ ಬಿಡಲ್ಲ."

"ಅತ್ತಿಗೆ ನಾದಿನಿ ಇದ್ದ ಹಾಗೆ" ಎಂದು ನಾದಿನಿ ಸೇರಿಸುತ್ತಾಳೆ.

"ನೀನು ಯಾವುದೇ ಅದರಲ್ಲಿ?"

"ನಾನು ಒಲೆ. ಉರಿಯೋದು ನಾನೇ ತಾನೆ."

ಬೆಳಿಗ್ಗೆ ಐದಕ್ಕೆ ಒಲೆ ಹೊತ್ತುತ್ತದೆ. ದಿನಕ್ಕೆ ನಲವತ್ತು ಬಕೆಟ್ ನೀರು, ಎರಡೂ ಕೈಯಲ್ಲಿ ನಾಲ್ಕು ಗಂಟೆ ಕಲಕುವ ಕೆಲಸ. ತಕ್ಕಡಿ ಇಲ್ಲ, ಅಳತೆ ಲೋಟ ಇಲ್ಲ. ಟ್ಯೂಬ್‌ಲೈಟ್ ಸುಳ್ಳು ಹೇಳುತ್ತದೆಂದು ಬಣ್ಣ ನೋಡುವುದು ಬೆಳಗಿನ ಬೆಳಕಲ್ಲಿ ಮಾತ್ರ. ನೇರಳಕ್ಕನ ಉಗುರುಗಳು ಯಾವಾಗಲೂ ನೇರಳೆ. ತಿಂಗಳ ಹಿಂದೆ ಬಲಗಣ್ಣಿನ ಪೊರೆ ತೆಗೆಸಲು ಹೋದಾಗ ಆಸ್ಪತ್ರೆಯ ನರ್ಸ್ ಆ ಉಗುರು ಕಂಡು, ಉಸಿರು ನಿಲ್ಲುತ್ತಿದೆಯೆಂದು ಡಾಕ್ಟರನ್ನು ಕೂಗಿದಳಂತೆ. "ಉಸಿರು ಸರಿಯಿದೆ ತಾಯಿ, ಕಸುಬು ಹೀಗೆ ಅಂದೆ."

ತೊಂದರೆ ಶುರುವಾದದ್ದು ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ. ಆಗ ಅವರ ಕೈಯಲ್ಲಿದ್ದದ್ದು ಒಂದು ರಂಗಮಂದಿರದ ಪರದೆ. ಒಂದರ ಪಕ್ಕ ಒಂದು ಹೊಲಿದು ಸೇರಿಸುವ ಹದಿನೆಂಟು ಹಾಸು, ಹನ್ನೆರಡು ಆಗಲೇ ಒಣಗಿ ತೂಗುತ್ತಿದ್ದವು. ಮನೆಗೆ ಬಂದ ನೇರಳಕ್ಕ ಬಾಗಿಲಲ್ಲೇ ನಿಂತು ನಾದಿನಿಯ ಮೇಲೆ ರೇಗಿದರು.

"ಯಾರೇ ಇದಕ್ಕೆ ಇಷ್ಟು ನೀಲಿ ಸುರಿದಿದ್ದು?"

"ನೀವೇ."

ಪೊರೆ ಬೆಳೆಯುತ್ತಾ ಕಣ್ಣಿನ ನೋಟವೇ ಹಳದಿಯಾಗಿತ್ತು. ನೀಲಿ ಮಂಕಾಗಿ ಕಾಣುತ್ತಿತ್ತು. ಮಂಕಾದಷ್ಟೂ ಅವರು ನೀಲಿ ಹೆಚ್ಚಿಸುತ್ತಾ ಹೋಗಿದ್ದರು, ವರ್ಷವರ್ಷ, ತಮಗೇ ತಿಳಿಯದೆ. ಜನ ಮೆಚ್ಚಿ ಹುಡುಕಿಕೊಂಡು ಬಂದದ್ದು ಆ ನೇರಳೆಯನ್ನೇ. ಹದಿಮೂರನೆಯ ಹಾಸಿನಲ್ಲಿ ಅವರು ಹೊಸ ಕಣ್ಣನ್ನು ನಂಬಿದರು. ಅದು ಉಳಿದ ಹನ್ನೆರಡರ ನಡುವೆ ಯಾರದೋ ಮನೆಗೆ ತಪ್ಪಿ ಬಂದ ನೆಂಟನ ಹಾಗೆ ನಿಂತಿತು. ಮತ್ತೆ ನೀಲಿಗೆ ಇಳಿಸಬೇಕಾಯಿತು. ಅಂದಿನಿಂದ ಬಲಗಣ್ಣಿಗೆ ಅಂಗೈ.

ಎರಡು ಕಣ್ಣಿಗೆ ಎರಡು ಲೋಕವಾದರೆ ಕೈ ತಪ್ಪುತ್ತದೆ. ಕಳೆದ ವಾರ ಹಂಡೆಯ ಅಂಚು ಅಂದಾಜಿಗೆ ಸಿಗದೆ ಮಣಿಕಟ್ಟು ಸುಟ್ಟುಕೊಂಡಿದ್ದಾರೆ. ಮೆಟ್ಟಿಲು ಇಳಿಯುವಾಗ ಕಾಲಲ್ಲಿ ತಡವುತ್ತಾರೆ. ಎಡಗಣ್ಣಿನ ಪೊರೆಯನ್ನೂ ಬೇಗ ತೆಗೆಸಿ ಎಂದು ಡಾಕ್ಟರು ಹೇಳಿದ್ದಾರೆ. ಆಸ್ಪತ್ರೆಯಲ್ಲಿ ಸರದಿ ಉದ್ದವಿದೆ.

ಇವತ್ತಿನದು ಹದಿನೇಳನೆಯ ಹಾಸು. ಅದನ್ನು ಹಗ್ಗಕ್ಕೆ ಹಾಕುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ನೇರಳಕ್ಕನ ಕೈ ಒದ್ದೆ. ನಾದಿನಿ ಫೋನನ್ನು ಅವರ ಕಿವಿಗೆ ಹಿಡಿಯುತ್ತಾಳೆ. ಅದೇ ನರ್ಸ್. ದನಿ ದೂರಕ್ಕೂ ಕೇಳುವಷ್ಟು ಜೋರು.

"ಉಗುರಮ್ಮ, ನಾಳೆ ಬೆಳಿಗ್ಗೆ ಒಬ್ಬರು ಬರ್ತಿಲ್ಲ. ಆ ಜಾಗ ನಿಮಗೆ ಕೊಡ್ತೀವಿ. ಇದು ಬಿಟ್ರೆ ಇನ್ನು ಮೂರು ತಿಂಗಳು."

ನಾದಿನಿ ಫೋನಿಗೆ ಕೈ ಅಡ್ಡ ಹಿಡಿಯುತ್ತಾಳೆ. "ಹೂಂ ಅನ್ನಿ. ಕೊನೇದನ್ನ ನಾನು ಮಾಡ್ತೀನಿ. ಹದಿನೇಳನ್ನ ಪಕ್ಕದಲ್ಲಿಟ್ಕೊಂಡು ಹೊಂದಿಸ್ತೀನಿ."

"ಹೊಂದಿಸ್ತೀಯ. ಗೊತ್ತು."

"ಒಂಚೂರು ಹೆಚ್ಚುಕಮ್ಮಿ ಆದ್ರೂ ಪರದೇನ ಯಾರು ಅಷ್ಟು ನೋಡ್ತಾರೆ?"

"ಅದು ಏಳೋವರೆಗೆ ಜನಕ್ಕೆ ನೋಡೋಕೆ ಬೇರೆ ಏನಿದೆ?"

"ಮಣಿಕಟ್ಟು ನೋಡ್ಕೊಳ್ಳಿ ಅತ್ತಿಗೆ. ಮೂರು ತಿಂಗಳು ಹೀಗೇ ತಡಕಾಡ್ತೀರಾ?"

ಮೂಲೆಯಲ್ಲಿ ಹದಿನೆಂಟನೆಯದು ಮಡಿಸಿದ ಹಾಗೇ ಇದೆ, ಬಿಳಿ. ನೇರಳಕ್ಕನ ಅಂಗೈ ತಾನಾಗಿ ಬಲಗಣ್ಣಿಗೆ ಹೋಗುತ್ತದೆ. ಹಗ್ಗದ ಮೇಲಿನ ಬಟ್ಟೆಯನ್ನು ತುಂಬಾ ಹೊತ್ತು ನೋಡುತ್ತಾರೆ.

"ಈ ಕಣ್ಣಿಗೆ ಕಾಣೋ ನೇರಳೆ ಬೇರೆ ಯಾರಿಗೂ ಕಂಡಿಲ್ಲ ಕಣೇ" ಎನ್ನುತ್ತಾರೆ ಮೆಲ್ಲಗೆ. "ಅದು ಹೋದ್ಮೇಲೆ ನನಗೂ ಕಾಣಲ್ಲ. ಇನ್ನೊಂದೇ ಒಂದ್ಸಲ."

"ಹಲೋ? ಬರ್ತೀರಾ?" ಎನ್ನುತ್ತಿದ್ದಾಳೆ ನರ್ಸ್.

ನೇರಳಕ್ಕ ಫೋನಿನತ್ತ ಬಾಗುತ್ತಾರೆ.

"ಇಲ್ಲ ತಾಯಿ. ನಾಳೆ ಕೆಂಪು ಹಾಕೋದಿದೆ."